ಕೋದಂಡರಾಮಪ್ಪ ಹೇಳಿದ ಕನ್ಯಾರಾಶಿಯ ಫಲ

ಯುಗಾದಿ ಸಂಜೆ ನಂಗಲಿಯ ಅರಳೀಕಟ್ಟೆಯ ಮೇಲೆ ಪುರೋಹಿತರು ಪಂಚಾಂಗ ಓದಿ ಮುಗಿಸಿದರೂ ಜನ ಏಳುವುದಿಲ್ಲ. ಆಮೇಲೆ ಕೋದಂಡರಾಮಪ್ಪನ ಸರದಿ. ಹೆದ್ದಾರಿ ಪಕ್ಕ ಲಾರಿಗಳಿಗೆ ಪಂಕ್ಚರ್ ಹಾಕುವ ಈ ಮನುಷ್ಯನಿಗೆ ಕೈಗಿಂತ ಬಾಯಿ ಚುರುಕು. ಪ್ರತಿ ವರ್ಷ ಪುರೋಹಿತರ ರಾಗದಲ್ಲೇ ಊರಿನ ಯಾವುದಾದರೂ ಸಂಗತಿ ಹಿಡಿದು ಫಲ ಹೇಳುತ್ತಾನೆ.

ಕಳೆದ ಯುಗಾದಿಗೆ ಅವನ ಬಾಯಿಗೆ ಸಿಕ್ಕಿದ್ದು ಅಮರನಾಥನ ಯೂನಿವರ್ಸಿಟಿ. ಟೈರ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಎರಡು ಕುರ್ಚಿ, 'ಅಖಿಲ ಬ್ರಹ್ಮಾಂಡ ವಿಶ್ವವಿದ್ಯಾಲಯ' ಅಂತ ಒಂದು ಬೋರ್ಡು. ಹತ್ತನೇ ಕ್ಲಾಸಿನಿಂದ ಡಿಗ್ರಿಯವರೆಗೆ ಎಲ್ಲವೂ ಮನೆಯಲ್ಲೇ ಕೂತು, ಆರು ತಿಂಗಳಲ್ಲಿ. ಇಂಥದ್ದನ್ನು ಕೋದಂಡರಾಮಪ್ಪ ಬಿಟ್ಟಾನೆಯೇ?

"ಈ ಸಂವತ್ಸರದಲ್ಲಿ ದೂರಶಿಕ್ಷಣಕ್ಕೆ ಆದಾಯ ಹದಿನಾಲ್ಕು, ವ್ಯಯ ಎರಡು. ರಾಜಪೂಜ್ಯ ಏಳು, ಅವಮಾನ ಪೊಲೀಸ್ನೋರು ಬಂದ್ಮೇಲೆ," ಎಂದು ರಾಗ ಎಳೆದ. "ಶ್ರಾವಣದೊಳಗೆ ನಂಗಲಿಯಿಂದ ಮಾಲೂರುವರೆಗೂ ಟೀ ಅಂಗಡಿಗೊಂದು ಯೂನಿವರ್ಸಿಟಿ ಹುಟ್ಟುತ್ತೆ. ಪರೀಕ್ಷೆಗಿಂತ ಮುಂಚೆ ಮಾರ್ಕ್ಸ್ ಕಾರ್ಡ್ ಬರುತ್ತೆ. ಅಂಚೇಲಿ ಓದಿದ ಡಾಕ್ಟರು ಅಂಚೇಲೇ ಇಂಜೆಕ್ಷನ್ ಕಳಿಸ್ತಾರೆ. ಕನ್ಯಾರಾಶಿಯವರಿಗೆ ವಿದ್ಯಾಯೋಗ ಬಲವಾಗೈತೆ, ದೀಪಾವಳಿಯೊಳಗೆ ಪಾಸಾಗೋದು ಖಂಡಿತ!"

ಅಮರನಾಥನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಥವರಿಗೆ ಬೈಗುಳವೂ ಜಾಹೀರಾತೇ.

ಹೊಸತೊಡಕಿನ ಬಾಡೂಟ ಮುಗಿದ ಮಾರನೆಯ ದಿನ ಮುನಿಲಕ್ಷ್ಮಿ ಉಳಿದ ಒಬ್ಬಟ್ಟು ಕಟ್ಟಿಕೊಂಡು ಪಂಕ್ಚರ್ ಅಂಗಡಿಗೆ ಬಂದಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ಒಂಬತ್ತನೇ ಕ್ಲಾಸಿಗೇ ಓದು ಬಿಡಿಸಿ ಮದುವೆ ಮಾಡಿದ್ದರು. ಅಂಗನವಾಡಿ ಟೀಚರ್ ಆಗಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿತ್ತು.

"ಅಣ್ಣ, ನಂದು ಹಸ್ತಾ ನಕ್ಷತ್ರ, ಕನ್ಯಾರಾಶಿ. ನಾಳೆ ಅಮರನಾಥಣ್ಣನ ಹತ್ರ ಸೇರ್ಕೊಳ್ತೀನಿ. ಅಡುಗೆ ಕೆಲಸ ಬಿಡ್ತೀನಂತ ಹೆಡ್‌ಮೇಷ್ಟ್ರಿಗೂ ಹೇಳಿಬಿಡ್ತೀನಿ."

ಕೋದಂಡರಾಮಪ್ಪ ಕೈಯಲ್ಲಿದ್ದ ಟ್ಯೂಬು ಕೆಳಗೆ ಹಾಕಿದ. "ಅಯ್ಯೋ ತಲ್ಲೀ, ಅದು ತಮಾಷೆ ಕಣಮ್ಮ! ಅವನ ಸರ್ಟಿಫಿಕೇಟು ಎಲ್ಲೂ ನಡಿಯಲ್ಲ. ಇರೋ ಕೆಲಸಾನೂ ಕಳ್ಕೊಂತೀಯ."

"ಪಂಚಾಂಗದಲ್ಲಿ ಯಾರಾದ್ರೂ ತಮಾಷೆ ಮಾಡ್ತಾರಾ? ಹಬ್ಬದ ದಿನ, ಬೇವುಬೆಲ್ಲ ತಿಂದ ಬಾಯಲ್ಲಿ ಹೇಳಿದ್ದೀಯ!"

ನಮ್ಮ ಕಡೆ ಹಾಗೇ. ಯುಗಾದಿ ದಿನ ಕಟ್ಟೆಯ ಮೇಲೆ ಆಡಿದ ಮಾತು ಯಾರ ಬಾಯಿಂದ ಬಂದರೂ ಶಾಸ್ತ್ರ. ಪಾಪ, ಅವನು ಆಣೆ ಇಟ್ಟ, ಕೆನ್ನೆ ಬಡಿದುಕೊಂಡ. ಕೊನೆಗೆ ಅವಳು ನಂಬಿದಳು. ಮುಖ ಸಪ್ಪಗಾಯಿತು.

"ಹೋಗ್ಲಿ ಬಿಡಣ್ಣ. ನೀನು ಪಾಸಾಗ್ತೀಯ ಅಂತ ಇಷ್ಟು ವರ್ಷದಲ್ಲಿ ತಮಾಷೆಗಾದ್ರೂ ಯಾರೂ ಹೇಳಿರ್ಲಿಲ್ಲ. ಅದಕ್ಕೇ ನಂಬಿಬಿಟ್ಟೆ."

ಊರನ್ನೆಲ್ಲ ನಗಿಸುವವನು ಟ್ಯೂಬು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ ಕಣ್ಣು ಒರೆಸಿಕೊಂಡ. ನನಗೆ ಇದನ್ನು ಹೇಳುವಾಗಲೂ ಕಣ್ಣು ಒರೆಸಿಕೊಂಡ, ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ಘಾಟು ಎಂದ. ಶುದ್ಧ ಸುಳ್ಳು.

ಆ ವಾರವೇ ಅಂಗಡಿಗೆ ಬಾಗಿಲು ಹಾಕಿ, ಮುನಿಲಕ್ಷ್ಮಿಯನ್ನು ಕರೆದುಕೊಂಡು ಕೋಲಾರದ ಬಸ್ಸು ಹತ್ತಿದ. ಅಲ್ಲಿನ ಮುಕ್ತ ಶಾಲೆಯ ಕೇಂದ್ರದಲ್ಲಿ ಹೊರಗಿನಿಂದ ಹತ್ತನೇ ಕ್ಲಾಸ್ ಕಟ್ಟಬಹುದೆಂದು ಯಾರೋ ಹೇಳಿದ್ದರು. ಕೇಂದ್ರದ ಆಶಾರಾಣಿ ಮೇಡಂ ಎಲ್ಲ ಬಿಡಿಸಿ ಹೇಳಿದರು. ಪಾಠ ಕೇಳಬೇಕು, ಲೆಕ್ಕ ಮಾಡಬೇಕು, ಪರೀಕ್ಷೆ ಇಲ್ಲೇ ಬಂದು ಕೂತು ಬರೆಯಬೇಕು.

ಇಷ್ಟು ಕಷ್ಟವೆಂದರೆ ಇವಳು ಸೀದಾ ಅಮರನಾಥನ ಮಹಡಿ ಹತ್ತುತ್ತಾಳೆ ಅಂದುಕೊಂಡ ಕೋದಂಡರಾಮಪ್ಪ.

"ಮೇಡಂ, ಫೇಲಾದ್ರೆ?" ಎಂದು ಮುನಿಲಕ್ಷ್ಮಿ ಕೇಳಿದಳು.

"ಫೇಲಾದ್ರೆ ಫೇಲೇ ಕಣಮ್ಮ. ಮತ್ತೆ ಓದಿ ಮತ್ತೆ ಬರೀಬೇಕು."

ಮುನಿಲಕ್ಷ್ಮಿ ಮುಖ ಅರಳಿತು. ಕೋದಂಡರಾಮಪ್ಪನ ಕಡೆ ತಿರುಗಿ, "ಅಣ್ಣ, ಇವ್ರು ಫೇಲೂ ಮಾಡ್ತಾರಂತೆ! ಹಂಗಾದ್ರೆ ಇದು ನಿಜವಾದ ಓದೇ. ನನ್ನ ಸೇರಿಸು," ಎಂದಳು.