ಹುರುಳಿಯ ಮೇಲೆ ಹತ್ತು ಸುತ್ತು

ಯಾರ ಕಾರು ಬಂದು ನಿಂತರೂ ನನ್ನ ಕಾಲುಗಳು ನನ್ನನ್ನು ಕೇಳದೆ ಹಿಂದಿನ ಬಾಗಿಲ ಕಡೆಗೇ ನಡೆದುಬಿಡುತ್ತವೆ. ಮಂಡಿ ಬಗ್ಗದ ಈ ವಯಸ್ಸಿನಲ್ಲಿ ಮುಂದಿನ ಸೀಟೇ ಸುಖವೆಂದು ಎಲ್ಲರೂ ಉಪದೇಶಿಸುತ್ತಾರೆ. ನಮ್ಮವರಂತೂ, ಇವಳಿಗೆ ಹಿಂದೆ ಕೂತು ಇಡೀ ಗಾಡಿಯನ್ನು ಸೂಪರ್‌ವೈಸ್ ಮಾಡುವ ಚಪಲ ಎಂದು ನಗುತ್ತಾರೆ. ಚಪಲವಲ್ಲ, ಪ್ರಾಯಶ್ಚಿತ್ತ ಎಂದರೆ ಕಥೆ ಹೇಳಬೇಕಾಗುತ್ತದೆ. ನಿಮಗೆ ಪುರುಸೊತ್ತಿದೆ ಎಂದುಕೊಂಡು ಹೇಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಂಜನಗೂಡಿನಲ್ಲಿದ್ದಾಗ, ನಾವೊಂದು ಬೂದುಬಣ್ಣದ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆವು. ಚಳಿಗಾಲ ಬಂತೆಂದರೆ ಭಾನುವಾರಕ್ಕೊಂದು ಪ್ರವಾಸ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಗಂಟೆಯ ಸದ್ದಿಗೆ ಎದ್ದು, ಉಂಡು, ಪ್ರಾರ್ಥಿಸಿ ಬೆಳೆದ ನನಗೆ ಟೈಮ್‌ಟೇಬಲ್ ಇಲ್ಲದ ಸಂತೋಷವೂ ಒಂದು ಬಗೆಯ ಅಶಿಸ್ತೇ. ಗುರುವಾರದಿಂದಲೇ ಮಗ ಪ್ರಕಾಶನ ಹಳೆಯ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ನನ್ನ ಪ್ಲಾನಿಂಗ್ ಶುರು: ಮಂಕಿ ಕ್ಯಾಪ್ ಯಾರಿಗೆ, ಫ್ಲಾಸ್ಕಿನಲ್ಲಿ ಹಾಲೋ ಕಾಫಿಯೋ, ಅವರೆಕಾಳಿನ ಉಪ್ಪಿಟ್ಟು ಎಷ್ಟು ಗಂಟೆಗೆ, ಎಷ್ಟು ನಿಮಿಷ. ನಮ್ಮವರು ಇದನ್ನು ಪಂಚವಾರ್ಷಿಕ ಯೋಜನೆ ಎಂದು ಕರೆಯುತ್ತಿದ್ದರು. ಕಾರಿನಲ್ಲಿ ಮುಂದಿನ ಸೀಟು ಸ್ವಾಭಾವಿಕವಾಗಿಯೇ ಯೋಜನಾ ಆಯೋಗದ್ದು. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅಲ್ಲಿ ವಿರಾಜಮಾನಳಾದರೆ, ಹಿಂದೆ ಪ್ರಕಾಶ, ಊಟದ ಬುಟ್ಟಿ, ಅವೆರಡರ ನಡುವೆ ಒತ್ತಿಕೊಂಡು ಎಂಟು ವರ್ಷದ ಮಗಳು ನಿಮ್ಮಿ.

ನಿಮ್ಮಿಗೆ ಕಾರು ಆಗುತ್ತಿರಲಿಲ್ಲ. ಊರು ದಾಟಿ ಅರ್ಧ ಗಂಟೆಯೊಳಗೆ ಮುಖ ಬಿಳಿಚಿಕೊಂಡು, ನಿಲ್ಲಿಸುವಷ್ಟರಲ್ಲಿ ವಾಂತಿ. ನಿಂಬೆಹಣ್ಣು, ಏಲಕ್ಕಿ, ಮಾತ್ರೆ, ಎಲ್ಲವೂ ಸೋತವು. ಕೊನೆಗೆ ನಾನು ಮಾಡಿದ್ದೇನು ಗೊತ್ತೆ? ಅದನ್ನೂ ಟೈಮ್‌ಟೇಬಲ್ಲಿಗೆ ಸೇರಿಸಿದೆ. ‘೭-೦೫: ನಿಮ್ಮಿ – ೫ ಮಿನಿಟ್ಸ್.’ ಎಷ್ಟು ಪ್ರಾಕ್ಟಿಕಲ್ ತಾಯಿ ನಾನು ಎಂದು ಒಳಗೊಳಗೇ ಬೀಗಿದ್ದೆ ಕೂಡ. ಮಗುವಿಗೆ ಓದಲು ಬರುತ್ತದೆ ಎಂಬುದು ಹೊಳೆದಿರಲಿಲ್ಲ.

ಆ ಭಾನುವಾರ ತಿ. ನರಸೀಪುರದ ಸಂಗಮಕ್ಕೆ ಹೊರಟೆವು. ಹೊರಡುವ ಮುನ್ನ ನಾನೊಂದು ಶಾಸನ ಹೊರಡಿಸಿದ್ದೆ: ಇವತ್ತೂ ವಾಂತಿಯಾದರೆ ಮುಂದಿನ ವಾರದಿಂದ ನಿಮ್ಮಿಯನ್ನು ಅತ್ತೆಯ ಮನೆಯಲ್ಲಿ ಬಿಟ್ಟುಹೋಗುವುದು, ಅಲ್ಲಿ ಟಿ.ವಿ. ಇದೆ, ಅವಳಿಗೂ ಆರಾಮ. ನಿಮ್ಮಿ ಅಳಲಿಲ್ಲ, ಹಟ ಮಾಡಲಿಲ್ಲ. ಒಂದು ಪ್ಲಾಸ್ಟಿಕ್ ಕವರನ್ನು ಎರಡೂ ಕೈಗಳಲ್ಲಿ ಹಿಡಿದು, ತುಟಿ ಬಿಗಿದು, ಪರೀಕ್ಷೆಗೆ ಕೂತವಳಂತೆ ಕೂತಳು.

ಚಿಕ್ಕಯ್ಯನಛತ್ರ ದಾಟಿದ ಮೇಲೆ, ಮಂಜು ಆಗಷ್ಟೇ ಹರಿಯುತ್ತಿರುವಾಗ, ಡಾಂಬರು ರಸ್ತೆಯ ಉದ್ದಕ್ಕೂ ಹೊಂಬಣ್ಣದ ಕಂಬಳಿಯಂತೆ ಏನೋ ಹಾಸಿತ್ತು. ಹುರುಳಿ. ಕಾಯಿ ಸಮೇತ ಕಿತ್ತು ತಂದ ಗಿಡಗಳು. ಅನ್ನವನ್ನು ತುಳಿಯಬಾರದೆಂದು ನಮ್ಮಮ್ಮ, ಪರರ ಶ್ರಮವನ್ನು ಗೌರವಿಸಬೇಕೆಂದು ಸಿಸ್ಟರುಗಳು ಹೇಳಿಕೊಟ್ಟದ್ದೆಲ್ಲ ಒಮ್ಮೆಲೇ ಜಾಗೃತವಾಗಿ, ‘ಸೈಡಿಗೆ ತಗೊಳ್ಳಿ, ಸೈಡಿಗೆ!’ ಎಂದು ಕಿರುಚಿದೆ. ನಮ್ಮವರು ಪತ್ನೀವಾಕ್ಯಪರಿಪಾಲಕರು, ಕಾರನ್ನು ಪಕ್ಕದ ಮಣ್ಣಿಗಿಳಿಸಿದರು. ಹಿಂದಿನ ದಿನ ನೀರು ಹಾಯಿಸಿದ್ದ ಮಣ್ಣು. ಚಕ್ರಗಳು ಸದ್ದಿಲ್ಲದೆ ಹೂತುಕೊಂಡವು.

ಪೊರಕೆ ಹಿಡಿದು ಬಂದ ಹೆಂಗಸು ಚಿಕ್ಕತಾಯಮ್ಮ. ಹೊಲ ಅವಳದ್ದು, ಹುರುಳಿ ಅವಳದ್ದು, ಮುಂದಿನ ಮಾತುಗಳೂ ಅವಳವೇ.

‘ಅಲ್ಲ ಕಣ್ರವ್ವಾ, ಚೆಂದಾಗಿರೋ ರೋಡ್ ಬುಟ್ಟು ಕೆಸ್ರಿಗ್ಯಾಕೆ ಇಳುದ್ರಿ?’

‘ಸಾರಿ ಕಣಮ್ಮ, ಬೆಳೆ ತುಳೀಬಾರದು ಅಂತ...’

‘ತುಳೀಲಿ ಅಂತ್ಲೇ ಆಸಿರಾದು! ಗಾಡಿ ಅರುದ್ರೆ ತಾನೆ ಕಾಳು ಬುಡಾದು? ಬೆಳಗ್ಗಿಂದ ಒಂದ್ ಬಸ್ಸಿಲ್ಲ, ಲಾರಿ ಇಲ್ಲ. ನಿಮ್ ಕಾರ್ ಕಂಡು ಕುಸಿಯಾಯ್ತು, ನೀವ್ ನೋಡುದ್ರೆ ಮಡಿಯೋರಂಗೆ ಸುತ್ತಾಕಂಡು ಓಯ್ತೀರಿ. ಸಿಪ್ಪೆ ಸಮೇತ ಉಣ್ತೀರಾ ನಿಮ್ಮಟ್ಟೀಲಿ?’

ಹೊಲದಲ್ಲಿದ್ದ ನಾಲ್ವರು ನಗುತ್ತಲೇ ಬಂದು ಕಾರನ್ನು ಮೇಲೆತ್ತಿದರು. ಅಷ್ಟರಲ್ಲಿ ಚಿಕ್ಕತಾಯಮ್ಮ ಕಿಟಕಿಯೊಳಗೆ ಬಗ್ಗಿ, ‘ಈ ಕೂಸ್ಯಾಕೆ ಕವರ್ ಇಡ್ಕಂಡು ಕುಂತದೆ?’ ಎಂದಳು. ಪ್ರಕಾಶ ಸಕಲವನ್ನೂ ಒಪ್ಪಿಸಿದ: ವಾಂತಿ, ಶಾಸನ, ಅತ್ತೆ, ಟಿ.ವಿ. ಅವಳು ಒಮ್ಮೆ ನಿಮ್ಮಿಯನ್ನು, ಒಮ್ಮೆ ಬುಟ್ಟಿಯನ್ನು, ಕೊನೆಗೆ ನನ್ನ ಕೈಯ ನೋಟ್‌ಬುಕ್ಕನ್ನು ನೋಡಿದಳು.

‘ಮುಂದ್ಗಡೆ ಕುಂತ್ಕಳಾರು ಯಾರು?’

ನಾನು ನೋಟ್‌ಬುಕ್ಕನ್ನು ಮೆಲ್ಲಗೆ ಸೆರಗಿನಡಿಗೆ ಸರಿಸಿದೆ.

‘ಅದುನ್ನ ಮುಂದೆ ಕೂರ್ಸಿ, ಗಾಜು ಇಳ್ಸಿ, ದೂರುಕ್ಕೆ ನೋಡು ಅನ್ನಿ. ಇನ್ನ ನೀವು ಸಾ, ನಮ್ ಉರ್ಳಿ ಮ್ಯಾಲೆ ಒಂದತ್ತು ಸುತ್ತು ಒಡುದ್ಬುಟ್ಟು ಓಗಿ.’

ನಾನು ಹಿಂದೆ, ಬುಟ್ಟಿಯ ಪಕ್ಕ, ನಿಮ್ಮಿ ಕೂತು ಕೂತು ಸವೆಸಿದ್ದ ಜಾಗದಲ್ಲಿ ಕೂತೆ. ಅಲ್ಲಿಂದ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ; ರಸ್ತೆ ಇಲ್ಲ, ಆಕಾಶವಿಲ್ಲ. ಪೆಟ್ರೋಲ್ ವಾಸನೆಯ ಮೇಲೆ ಉಪ್ಪಿಟ್ಟಿನ ವಾಸನೆ. ಕಾರು ಹೋಗಿ, ತಿರುಗಿ, ಬಂತು. ಚಕ್ರದಡಿಯಲ್ಲಿ ಹುರುಳಿ ಚಟಪಟನೆ ಸಿಡಿಯಿತು. ನಿಮ್ಮಿ ಗಾಳಿಗೆ ಮುಖವೊಡ್ಡಿ, ‘ಮೂರು! ನಾಲ್ಕು!’ ಎಂದು ಸುತ್ತುಗಳನ್ನು ಕೂಗತೊಡಗಿದಳು. ಆರನೆಯ ಸುತ್ತಿಗೆ ನಾನು ಉಪ್ಪಿಟ್ಟಿನ ಬುಟ್ಟಿಯನ್ನು ದೂರ ತಳ್ಳಿದೆ. ಏಳಕ್ಕೆ ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಆಗ ಸೀಟುಗಳ ನಡುವಿನಿಂದ ಒಂದು ಪುಟ್ಟ ಕೈ ಹಿಂದಕ್ಕೆ ಬಂತು. ಅದರಲ್ಲಿ ಪ್ಲಾಸ್ಟಿಕ್ ಕವರು.

‘ಪರವಾಗಿಲ್ಲಮ್ಮ,’ ಎಂದಳು ನಿಮ್ಮಿ, ‘ಐದು ಮಿನಿಟ್ಸ್ ಅಷ್ಟೇ.’

ವ್ಯಂಗ್ಯವಿರಲಿಲ್ಲ ಅದರಲ್ಲಿ. ಓದಿದ್ದನ್ನು ನಂಬಿದ್ದಳು, ಪಾಪ. ಎಲ್ಲರಿಗೂ ಅಷ್ಟೇ ಹೊತ್ತು ಎಂದುಕೊಂಡಿದ್ದಳು. ಕಾರು ನಿಲ್ಲಿಸಿ, ರಸ್ತೆಯ ಪಕ್ಕ ಕೂತು, ನಾನು ಪೂರ್ತಿ ಕಾಲು ಗಂಟೆ ತೆಗೆದುಕೊಂಡೆ. ಬೆನ್ನು ಸವರಿದವಳು ಚಿಕ್ಕತಾಯಮ್ಮ, ನೀರು ಹಿಡಿದವಳು ನಿಮ್ಮಿ.

ಉಳಿದ ಮೂರು ಸುತ್ತು ಮುಗಿಸಿ ಮನೆಗೆ ಮರಳಿದೆವು. ಸಂಗಮಕ್ಕೆ ಅವತ್ತು ಹೋಗಲೇ ಇಲ್ಲ. ಚಿಕ್ಕತಾಯಮ್ಮ ಕೊಟ್ಟ ಒಂದು ಸೇರು ಹುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ನಿಮ್ಮಿ ಮುಂದೆಯೇ ಕೂತಳು. ಮುಂದಿನ ಭಾನುವಾರವೂ, ಆಮೇಲಿನ ಎಲ್ಲ ಭಾನುವಾರಗಳೂ. ನಾನು ಹಿಂದೆ, ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು.

ಈಗ ಕಾರು ನಿಮ್ಮಿಯದು, ಹಿಂದಿನ ಸೀಟು ಅವಳ ಮಗನದು, ಪ್ಲಾನಿಂಗ್ ಕೂಡ ಅವಳದೇ. ಮೊನ್ನೆ ಡಿಸೆಂಬರಿನಲ್ಲಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಅವಳ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದೆ. ‘೬-೩೦: ಹೊರಡುವುದು. ಹುರುಳಿ ಹಾಸಿದ್ದರೆ – ಅರ್ಧ ಗಂಟೆ. ಸಂಗಮ: ಅಮ್ಮ – ೫ ಮಿನಿಟ್ಸ್.’

‘ಇದೇನೇ?’

‘ನಿನ್ನ ಮಂಡಿ ಕಣಮ್ಮ. ಕಾರಿಂದ ಇಳಿಯೋಕೆ.’

ಬೆಳಿಗ್ಗೆ ಗೇಟಿನ ಬಳಿ ಕಾಲುಗಳು ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೇ ಹೊರಟವು. ಅಷ್ಟರಲ್ಲಿ ನಿಮ್ಮಿ ಒಳಗಿನಿಂದ ಬಾಗಿ ಮುಂದಿನ ಬಾಗಿಲು ತೆರೆದು, ಗಾಜು ಇಳಿಸಿಯಾಗಿತ್ತು. ಹತ್ತಿ ಕೂತೆ. ಸಂಗಮದಲ್ಲಿ ಇಳಿಯಲು ಐದು ಮಿನಿಟ್ಸ್ ಸಾಲಲಿಲ್ಲ, ಎಂಟಾದವು. ನಿಮ್ಮಿ ಬಾಗಿಲು ಹಿಡಿದು ನಿಂತೇ ಇದ್ದಳು, ದೂರದ ನೀರನ್ನು ನೋಡುತ್ತಾ.