ಗಟಾರಕ್ಕೆ ಸುರಿದ ಚಿಪ್ಪು

ಅಕ್ಕಲಕೋಟೆಯ ಸಾವಿತ್ರಿಬಾಯಿ ಸೊಲ್ಲಾಪುರದ ಚಾದರ ವ್ಯಾಪಾರಿಯ ಮನೆಗೆ ಮದುವೆಯಾಗಿ ಬಂದಂದಿನಿಂದ ಅವರ ಅಡುಗೆಮನೆಗೆ ಮಾಂಸವಿರಲಿ, ತತ್ತಿ ಕೂಡ ಬಂದದ್ದಿಲ್ಲ. ಆ ಬೇಸಿಗೆಯ ಮಧ್ಯಾಹ್ನ ಫ್ರಿಜ್ ತೆರೆದರೆ, ಬರ್ಫದ ಖಾನೆಯಲ್ಲಿ ಗುರುತಿಲ್ಲದ ಡಬ್ಬಿ. ಒಳಗೆ ಕರಿ ಚಿಪ್ಪುಗಳು. ಒಂದರ ಬಾಯಿ ತೆರೆದಿತ್ತು, ಅದರೊಳಗೆ ಮಾಂಸ. ಸಾವಿತ್ರಿಬಾಯಿ ಡಬ್ಬಿಯನ್ನು ತೋಳುದ್ದ ಹಿಡಿದು ಹೊರಗೆ ನಡೆದರು. ಎಲ್ಲವನ್ನೂ ಗಟಾರಕ್ಕೆ ಸುರಿದು, ಫ್ರಿಜ್ ತೊಳೆದು, ತಲೆಮೇಲೆ ನೀರು ಹಾಕಿಕೊಂಡರು.

ಸೊಸೆ ಪೂನಮ ಸೂಕ್ಷ್ಮಜೀವಿಗಳ ಸಂಶೋಧಕಿ. ಸಂಜೆ ಬಂದು ಸಂಗತಿ ಕೇಳಿದವಳು ಸೀದಾ ಗಟಾರದ ಬಳಿ ಹೋಗಿ ಕುಳಿತಳು. ಬಿಸಿಲಿಗೆ ಚಿಪ್ಪುಗಳು ಕೊಳೆತು ನಾರುತ್ತಿದ್ದವು.

"ಲ್ಯಾಬಿನಾಗ ಕರೆಂಟ್ ಹೋಗಿತ್ರಿ ಅತ್ತಿ, ಅದಕ್ಕ ಇಲ್ಲಿ ಇಟ್ಟಿದ್ದೆ. ನಿಮಗ ಹೇಳಬೇಕಿತ್ತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಸಾವಿತ್ರಿಬಾಯಿಗೆ ತಡೆಯಲಾಗಲಿಲ್ಲ.

ರಾತ್ರಿ ಊಟ ಸೇರದೆ ಆ ಚಿಪ್ಪು ಯಾತಕ್ಕೆಂದು ಅವರೇ ಹೋಗಿ ಕೇಳಿದರು. ಪೂನಮ ಬಿಡಿಸಿ ಹೇಳಿದಳು: ಈ ಚಿಪ್ಪುಜೀವಿಗಳು ಹಡಗುಗಳ ತಳಕ್ಕೆ ಅಂಟಿಕೊಂಡು ಪರದೇಶದಿಂದ ಕೊಂಕಣದ ಕಿನಾರೆಗೆ ಬಂದವು. ನಮ್ಮ ಹೊಟ್ಟೆಯಲ್ಲಿದ್ದಂತೆ ಅವುಗಳ ಹೊಟ್ಟೆಯಲ್ಲೂ ಕಣ್ಣಿಗೆ ಕಾಣದ ಜೀವಿಗಳಿವೆ. ಆ ಕಾಣದ ಜೀವಿಗಳು ಪರದೇಶದಿಂದಲೇ ಬಂದವೋ, ಇಲ್ಲಿಯ ನೀರಿನಿಂದ ಸೇರಿದವೋ ಎಂದು ನೋಡಬೇಕಿತ್ತು.

"ಮತ್ತ ತರೂಣು. ನಾನೂ ಬರ್ತೀನಿ," ಎಂದರು ಸಾವಿತ್ರಿಬಾಯಿ. ಗಂಡ ಶಾಂತಲಿಂಗಪ್ಪನವರು ಕೈಯಲ್ಲಿದ್ದ ಪೇಪರ್ ಕೆಳಗಿಟ್ಟು ಹೆಂಡತಿಯ ಮುಖವನ್ನೇ ನೋಡಿದರು.

ಕೊಂಕಣದ ಬಂದರಿನಲ್ಲಿ ಇಳಿದಾಗ ಸಮುದ್ರಕ್ಕಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ದೋಣಿ ನಿಲ್ಲುವ ಧಕ್ಕೆಯ ಕಂಬಗಳು. ಕಂಬವೆಂಬುದೇ ಕಾಣದಂತೆ ಅದೇ ಕರಿ ಚಿಪ್ಪು ಮುತ್ತಿಕೊಂಡಿತ್ತು. ಹಗ್ಗ, ದೋಣಿಯ ಹೊಟ್ಟೆ, ಮೆಟ್ಟಿಲು, ಎಲ್ಲೆಲ್ಲೂ ಅದೇ. ಪೂನಮ ತೋರಿಸಿದ, ಈ ಕಿನಾರೆಯದೇ ಆದ ಚಿಪ್ಪು ಅಡಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಡಬ್ಬಿಯಲ್ಲಿ ಕಂಡ ಹಿಡಿಯಷ್ಟಕ್ಕೇ ಹೌಹಾರಿದ್ದ ಸಾವಿತ್ರಿಬಾಯಿ ಈಗ ಕಂಬದಿಂದ ಕಂಬಕ್ಕೆ ನೋಡುತ್ತ ಹೋದರು. ಸೊಸೆ ಕೆರೆದು ಕೊಟ್ಟ ಎರಡೂ ಬಗೆಯ ಚಿಪ್ಪನ್ನು ಮೂಗಿಗೆ ಸೆರಗು ಹಿಡಿದುಕೊಂಡೇ ಪ್ಲಾಸ್ಟಿಕ್ ಪಿಶವಿಗೆ ತುಂಬಿದರು.

ಮಳೆಗಾಲ ಕಳೆದ ಮೇಲೆ ಫಲಿತಾಂಶ ಬಂತು. ಪರದೇಶದ ಚಿಪ್ಪಿನ ಹೊಟ್ಟೆಯಲ್ಲಿ ಈ ಕಿನಾರೆಯಲ್ಲಿ ಹಿಂದೆಂದೂ ಕಾಣದ ರೋಗಾಣು ಸಿಕ್ಕಿತ್ತು. ರೊಟ್ಟಿ ಬಡಿಯುತ್ತಿದ್ದ ಸಾವಿತ್ರಿಬಾಯಿಯ ಕೈ ನಿಂತಿತು.

"ಬಾಜೂಕಿದ್ದ ನಮ್ಮ ಚಿಪ್ಪಿಗೆ?"

"ಆ ರೋಗ ಅದಕ್ಕೂ ಹತ್ತೇದ್ರಿ ಅತ್ತಿ."

ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಪೂನಮಳೇ ಅದನ್ನು ತೆಗೆದಳು.