ಗೆದ್ದ ಮಣ್ಣು, ಮನೆಯ ನೀರು

ಬೆಳಿಗ್ಗೆ ಎದ್ದವಳು ಎಂದಿನಂತೆ ನೆನೆಸಿದ ಬಾದಾಮಿಯ ಸಿಪ್ಪೆ ಸುಲಿದು, ಅರೆದು, ಹಾಲಿಗೆ ಬೆರೆಸಿದೆ. ನಮ್ಮವರು ನಿಂತೇ ಕುಡಿದರು. ಲೋಟ ಇಳಿಸುವಾಗ ಎಡ ಮೊಣಕಾಲನ್ನು ಒಮ್ಮೆ ಒತ್ತಿಕೊಂಡರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಎಂಥದೂ ಇಲ್ಲ ಮಾರಾಯ್ತಿ, ಚಳಿಗೆ ಹಿಡ್ಕಂಡಿದೆ. ಸಂಜೆಗೆ ನೀರು ಕಾಯ್ಸಿಡು."

ಅರವತ್ತರ ದಶಕದ ಆ ದಿನಗಳಲ್ಲಿ ಸಾಗರ, ಹೊಸನಗರ, ನಮ್ಮ ತೀರ್ಥಹಳ್ಳಿ ಮೂರು ತಾಲ್ಲೂಕಿನಲ್ಲೂ ಭಾರಿ ತೂಕದ ಕುಸ್ತಿಯಲ್ಲಿ ಅವರ ಬೆನ್ನನ್ನು ನೆಲಕ್ಕೆ ತಾಗಿಸಿದವರಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕರವಸ್ತ್ರಕ್ಕೆಂದು ಕಲಿಸಿದ ಹೆಮ್ಮಿಂಗು ನನಗೆ ಒದಗಿದ್ದು ಲಂಗೋಟಿಯ ಅಂಚಿಗೆ. ಆ ಲಂಗೋಟಿಯನ್ನೇ ಮಡಚಿ ಚೀಲಕ್ಕಿಟ್ಟೆ. ಹೊಸನಗರದಲ್ಲಿ ಆ ದಿನ ಅವರ ಕುಸ್ತಿ ಜೋಡಿ, ಸಾಗರದ ಹೊಸ ಹುಡುಗನೊಬ್ಬನ ಮೇಲೆ.

ಗೆದ್ದ ಮಣ್ಣನ್ನು ಮನೆಯ ನೀರಲ್ಲೇ ತೊಳೆಯಬೇಕು ಎಂಬುದು ಅವರ ಗುರುಗಳು ಹಾಕಿಕೊಟ್ಟ ಪದ್ಧತಿ. ಹಾಗಾಗಿ ಮೈಗೆ ಮೆತ್ತಿದ ಕೆಮ್ಮಣ್ಣಿನ ಮೇಲೇ ಅಂಗಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. "ಪೈಲ್ವಾನ್ರೇ, ಅರ್ಧ ಊರು ಹೊತ್ಕಂಡ್ ಬಂದೀರಲ್ಲ, ಅದಕ್ಕೂ ಒಂದ್ ಟಿಕೆಟ್ ತಗಳಿ" ಎಂದು ಕಂಡಕ್ಟರು ನಗಿಸುತ್ತಿದ್ದನಂತೆ. ಬಚ್ಚಲಲ್ಲಿ ನಾನು ಬೆನ್ನು ಉಜ್ಜುವಾಗ ಮಜ್ಜಿಗೆ, ಅರಿಶಿನ, ಎಣ್ಣೆ ಕಲಸಿದ ಗರಡಿ ಮಣ್ಣಿನ ವಾಸನೆ ಏಳುತ್ತಿತ್ತು. ಎದುರಾಳಿಯ ಬೆರಳ ಗುರುತುಗಳು ಒಂದೊಂದಾಗಿ ಕರಗುತ್ತಿದ್ದವು.

"ಬೆನ್ನು ನೆಲ ಕಂಡ ದಿನ ಗರಡಿ ಬಿಡ್ತೀನಿ" ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದರು. ಆ ಮೊಣಕಾಲು ನೋಡುವಾಗಲೆಲ್ಲ ಬಿಟ್ಟರೆ ಸಾಕಪ್ಪಾ ಅನ್ನಿಸುತ್ತಿತ್ತು. ಬಿಡಬೇಕಾದರೆ ಸೋಲಬೇಕಲ್ಲ ಎಂದು ನೆನಪಾದ ಕೂಡಲೇ ಆ ಆಸೆಯನ್ನು ನಾನೇ ನುಂಗಿಕೊಳ್ಳುತ್ತಿದ್ದೆ.

ಸಂಜೆ ಹಂಡೆಯ ನೀರು ಮರಳುತ್ತಿತ್ತು. ಬೇಲಿಯಾಚೆ ಪಕ್ಕದ ಮನೆಯಾಕೆ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದರು. ಬಸ್ಸಿನ ಸದ್ದು ಕೇಳಿ ಎಷ್ಟೋ ಹೊತ್ತಾದ ಮೇಲೆ ಇವರು ಬಂದರು. ತಲೆಗೂದಲು ಒದ್ದೆ. ಕಿವಿಯ ಸಂದಿಯಲ್ಲೂ ಒಂದು ಚೂರು ಮಣ್ಣಿಲ್ಲ.

"ಬಂದ್ರಾ? ನೀರು ತೋಡ್ಲಾ?"

"ಬ್ಯಾಡ. ಬಸ್ಸಿಳ್ದು ತುಂಗೇಲೇ ಮಿಂದ್ಕಂಡ್ ಬಂದೆ."

ಅವರು ಜಗುಲಿಯ ಮೇಲೆ ಕೂತು ಅಂಗಿಯ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡರು. "ಹುಡ್ಗ ಚೆನ್ನಾಗಿ ಆಡ್ದ. ಕಾಲು ಕೈ ಕೊಟ್ಟಿದ್ದಲ್ಲ, ಅವ್ನೇ ಜಾಣ" ಎಂದರು. ಚೀಲದಿಂದ ಲಂಗೋಟಿ ತೆಗೆದು ನನ್ನ ಕೈಗೆ ಕೊಟ್ಟರು. ಹೊಳೆಯಲ್ಲೇ ಒಗೆದು ಹಿಂಡಿದ್ದರು. "ಒಣಗಿದ್ ಮೇಲೆ ಒಳಗೆ ಎತ್ತಿಡು."

ಒಂದು ಅಂಚಿನಲ್ಲಿ ನನ್ನ ಹೊಲಿಗೆ ಬಿಚ್ಚಿಕೊಂಡಿತ್ತು. ಅದನ್ನು ಮತ್ತೆ ಹೊಲಿಯಬೇಕೋ ಬೇಡವೋ ಎಂದು ಬೆರಳಲ್ಲಿ ಸವರುತ್ತ ಅಂಗಳದ ಹಗ್ಗದ ಬಳಿ ನಿಂತೆ.

ಪಕ್ಕದ ಮನೆಯಾಕೆ ಮೊಗ್ಗಿನ ಬುಟ್ಟಿಯಿಂದ ತಲೆ ಎತ್ತದೆಯೇ ಅಂದರು: "ಇವತ್ತು ಮೈ ಚೊಕ್ಕ ಮಾಡ್ಕಂಡೇ ಬಂದ್ರಲ್ರೀ! ಬಿಡಿ, ಬಚ್ಚಲು ತಿಕ್ಕೋ ಕೆಲ್ಸ ಒಂದು ತಪ್ತು ನಿಮಗೆ."